ಮರಗೆಲಸದ ಕೊಟ್ಟಿಗೆಯಲ್ಲಿ ಧೂಳಿನ ನಿವಾರಣೆ

ನೇಗಿಲು, ನೊಗ, ಬಂಡಿಗಳ ದುರಸ್ತಿಗಾಗಿ ಅನೇಕ ಜಮೀನ್ದಾರರು ಮನೆಯ ಕೊಟ್ಟಿಗೆಯಲ್ಲಿಯೇ ಮರಗೆಲಸ ಮಾಡಿಸುವುದುಂಟು. ವಿದ್ಯುತ್ ಗರಗಸವೂ ಉಜ್ಜುವ ಯಂತ್ರವೂ ಬಂದ ಮೇಲೆ ಕೆಲಸವು ಶೀಘ್ರವಾಗುತ್ತದೆ, ಧೂಳೂ ಅಧಿಕವಾಗುತ್ತದೆ.

ದಪ್ಪ ಹೊಟ್ಟು ಕೂಡಲೇ ನೆಲಕ್ಕೆ ಬೀಳುವುದು. ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ ಸಣ್ಣದಾದ ಕಣಗಳಾದರೋ ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತಿದ್ದು ಉಸಿರಿನೊಡನೆ ಎದೆಯೊಳಗೆ ಸೇರುವುವು. ಇವುಗಳಿಂದ ಕೆಮ್ಮು, ಉಬ್ಬಸಗಳು ಉಂಟಾಗಬಹುದು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದೆ.

ಆದಕಾರಣ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಕೆಲಸವನ್ನು ಬಯಲಿನಲ್ಲಾಗಲಿ ಬಾಗಿಲ ಬಳಿಯಲ್ಲಾಗಲಿ, ಗಾಳಿಯು ಪಕ್ಕದಿಂದ ಬೀಸಿ ಧೂಳನ್ನು ಒಯ್ಯುವಂತೆ ಮಾಡಿಸಬೇಕು.

2. ಯಂತ್ರದ ಬಾಯಿಗೇ ಧೂಳು ಹೀರುವ ಕೊಳವೆಯನ್ನು ಜೋಡಿಸುವುದು ಉತ್ತಮ. ಹುಟ್ಟಿದೆಡೆಯಲ್ಲಿ ಹಿಡಿದ ಧೂಳು ಹರಡಲಾರದು.

3. ಒಣ ನೆಲವನ್ನು ಗುಡಿಸಬಾರದು. ಧೂಳನ್ನು ಗಾಳಿಯಿಂದ ಊದಲೂ ಬಾರದು. ನೆಲಕ್ಕೆ ನೀರು ಚಿಮುಕಿಸಿ ಗುಡಿಸಬೇಕು. ವಿದ್ಯುತ್ ಯಂತ್ರಕ್ಕೆ ನೀರು ತಗಲಕೂಡದು.

4. ಹೆಗಲ ವಸ್ತ್ರವು ಸಣ್ಣ ಧೂಳನ್ನು ತಡೆಯದು. ಎನ್95 ಮುಖಗವಸನ್ನು ಮುಖಕ್ಕೆ ಬಿಗಿಯಾಗಿ ಧರಿಸಬೇಕು.

5. ಹೊಟ್ಟನ್ನು ಪ್ರತಿದಿನವೂ ತೆಗೆಯಿಸಿ, ಹುಲ್ಲಿನ ಬಣವೆಗೂ ಬೆಂಕಿಗೂ ದೂರವಿರಿಸಬೇಕು. ಬೀಡಿಯ ಒಂದು ಕಿಡಿ ಸಾಕು.

ಧೂಳಿನ ಕೇಡು ಅನೇಕ ವರ್ಷಗಳ ತರುವಾಯ ಕಾಣುವುದರಿಂದ ಬಡಗಿಯು ಅದನ್ನು ಲಕ್ಷಿಸದಿರಬಹುದು. ಕೆಲಸ ಮಾಡಿಸುವವರೇ ಮುಖಗವಸನ್ನು ಒದಗಿಸಿ, ಧರಿಸುವಂತೆ ನೋಡಿಕೊಳ್ಳುವುದು ಯಜಮಾನರ ಕರ್ತವ್ಯವು.