ವಿಮಾನ ಏಳದಿದ್ದರೆ ರೇಸ್ ಕಾಣದು

2021ರ ಮೇ 24. ಇಟಲಿಯ ಸೈಕಲ್ ರೇಸ್ ‘ಜಿರೋ ದಿತಾಲಿಯಾ’ದ 16ನೇ ಹಂತ. ಮಳೆ, ಚಳಿ ನೋಡಿ ಸಂಘಟಕರು ಎರಡು ದೊಡ್ಡ ಏರುಗಳನ್ನು ಕೈಬಿಟ್ಟು ಹಾದಿಯನ್ನು ಮೊಟಕು ಮಾಡಿದ್ದರು. ಉಳಿದದ್ದು ಡೊಲೊಮೈಟ್ ಬೆಟ್ಟಗಳ ಪಾಸೊ ಜಾವು, 2,200 ಮೀಟರ್‌ಗೂ ಎತ್ತರದ ಘಾಟಿ. ಅಲ್ಲಿ ಕೊಲಂಬಿಯಾದ ಇಗಾನ್ ಬರ್ನಾಲ್ ಎಲ್ಲರನ್ನೂ ಹಿಂದೆ ಹಾಕಿ ಒಂಟಿಯಾಗಿ ಮುನ್ನುಗ್ಗಿದರು. ಆ ವರ್ಷದ ಜಿರೋದ ಅತಿ ದೊಡ್ಡ ದಾಳಿ ಅದು. ಟಿವಿ ಮುಂದೆ ಕೂತವರಿಗೆ ಮಾತ್ರ ಅದು ಕಾಣಲೇ ಇಲ್ಲ. ಚಿತ್ರವನ್ನು ಬೆಟ್ಟದಿಂದ ಎತ್ತಿ ತರಬೇಕಿದ್ದ ವಿಮಾನ, ಹೆಲಿಕಾಪ್ಟರ್‌ಗಳಿಗೆ ಆ ಹವೆಯಲ್ಲಿ ಹಾರಲಾಗಲಿಲ್ಲ. ಬರ್ನಾಲ್ 27 ಸೆಕೆಂಡ್ ಮುನ್ನಡೆಯೊಂದಿಗೆ ಕೊರ್ತಿನಾ ದಾಂಪೆಝೊ ಪಟ್ಟಣಕ್ಕೆ ಬಂದು, ಮಳೆಯಂಗಿ ಕಳಚಿ ಅಗ್ರಸ್ಥಾನದ ಗುಲಾಬಿ ಜೆರ್ಸಿ ತೋರಿಸಿದಾಗಲೇ ನೋಡುಗರಿಗೆ ಅವರ ದರ್ಶನ.

ಟೂರ್ ದ ಫ್ರಾನ್ಸ್‌ನ ಮುಕ್ತಾಯ ಟಿವಿಯಲ್ಲಿ ಮೊದಲ ಸಲ ನೇರವಾಗಿ ಬಂದದ್ದು 1948ರಲ್ಲಿ, ಪ್ಯಾರಿಸ್‌ನ ಪಾರ್ಕ್ ದೆ ಪ್ರಿನ್ಸ್ ಕ್ರೀಡಾಂಗಣದಿಂದ. ಗುರಿಯ ಬಳಿ ಕ್ಯಾಮೆರಾ ನಿಲ್ಲಿಸಿದ್ದರು. ಅಲ್ಲಿಗೆ ಬಂದವರು ಕಂಡರು. 73 ವರ್ಷಗಳ ತಂತ್ರಜ್ಞಾನವೆಲ್ಲ ದಾಟಿದ ಮೇಲೂ ಆ ಮಳೆಗಾಲದಂಥ ಸಂಜೆ ಪ್ರೇಕ್ಷಕರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅಷ್ಟೇ.

ಬೈಕಿನಿಂದ ಆಕಾಶಕ್ಕೆ

ಕ್ರಿಕೆಟ್ ಮೈದಾನದಲ್ಲಾದರೆ ಕೇಬಲ್ ಎಳೆದರಾಯಿತು. ಸೈಕಲ್ ರೇಸ್‌ನ ಮೈದಾನ ದಿನಕ್ಕೆ 150–200 ಕಿಲೋಮೀಟರ್ ಉದ್ದ, ಆಟಗಾರರ ಜೊತೆ ತಾನೂ ಓಡುವಂಥದ್ದು. ಹಾಗಾಗಿ ಕ್ಯಾಮೆರಾ ಬೈಕ್ ಏರುತ್ತದೆ. ಮುಂದೆ ಚಾಲಕ, ಹಿಂದೆ ಕ್ಯಾಮೆರಾಮನ್. ಹೆಗಲ ಮೇಲೆ ಕ್ಯಾಮೆರಾ. ಹಿಂದಿನಿಂದ ಬರುವ ಸವಾರನನ್ನು ತೋರಿಸಬೇಕಾದರೆ ದೇಹವನ್ನೇ ತಿರುಚಿ ಕೂರಬೇಕು, ಕೆಲವೊಮ್ಮೆ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಬೇಕು. ಬೈಕಿನ ಹಿಂಬದಿಯಲ್ಲಿ ಟ್ರಾನ್ಸ್‌ಮಿಟರ್, ಅದರ ಆಂಟೆನಾ ಆಕಾಶದತ್ತ.

ಆಕಾಶದತ್ತ ಏಕೆ? 2 ಗಿಗಾಹರ್ಟ್ಸ್ ಆಸುಪಾಸಿನ ಅಲೆಯ ಉದ್ದ ಸುಮಾರು 15 ಸೆಂಟಿಮೀಟರ್. ಅದು ನೇರಕ್ಕೆ ಸಾಗುತ್ತದೆ, ಬೆಟ್ಟವನ್ನು ಬಳಸಿ ಹೋಗುವುದಿಲ್ಲ. ಘಾಟಿಯ ತಿರುವಿನಲ್ಲಿರುವ ಬೈಕಿಗೆ ಗುರಿಯ ಬಳಿಯ ವ್ಯಾನ್ ಕಾಣದು, ತಲೆಯ ಮೇಲಿನ ಹೆಲಿಕಾಪ್ಟರ್ ಅಥವಾ ವಿಮಾನ ಕಾಣುತ್ತದೆ. ದೊಡ್ಡ ರೇಸ್‌ಗಳಲ್ಲಿ ಮೋಡಕ್ಕೂ ಮೇಲೆ, ಸಾವಿರಾರು ಮೀಟರ್ ಎತ್ತರದಲ್ಲಿ ವಿಮಾನವೊಂದು ಗಂಟೆಗಟ್ಟಲೆ ಸುತ್ತುತ್ತಿರುತ್ತದೆ. ಹಲವು ಬೈಕುಗಳ ಚಿತ್ರವನ್ನು ಹಿಡಿದು ಗುರಿಯ ಬಳಿ ನಿಂತ ಪ್ರಸಾರದ ಟ್ರಕ್ಕಿಗೆ ಇಳಿಸುವುದೇ ಅದರ ಕೆಲಸ. ಅದು ತೀರಾ ಓರೆಯಾಗಿ ಹೊರಳುವಂತಿಲ್ಲ. ಹೊರಳಿದರೆ ವಿಮಾನದ ಮೈಯೇ ಆಂಟೆನಾಗೆ ಅಡ್ಡ ಬರುತ್ತದೆ.

ಇಲ್ಲೊಂದು ವಿಚಿತ್ರವಿದೆ. ಮೋಡ ಈ ಅಲೆಗಳಿಗೆ ಅಡ್ಡಿಯಲ್ಲ, ಪೈಲಟ್‌ಗೆ ಅಡ್ಡಿ. ಸಿಡಿಲಮೋಡ, ರೆಕ್ಕೆಗೆ ಕಟ್ಟುವ ಮಂಜುಗಡ್ಡೆ, ಕಾಣದ ರನ್‌ವೇ ಇವು ಸರಪಳಿಯನ್ನು ಕಡಿಯುತ್ತವೆ. ವಿಮಾನ ಹಾರಿದರೂ ಮರಗಳ ತೊಂದರೆ ತಪ್ಪದು. ಒದ್ದೆ ಎಲೆಗಳು ಅಲೆಯನ್ನು ಹೀರುತ್ತವೆ. ದಟ್ಟ ಕಾಡಿನ ರಸ್ತೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುವುದು ಇದರಿಂದಲೇ.

ಚಿತ್ರವನ್ನು ಹಿಂಡಿ, ಹಂಚಿ

ಎಚ್‌ಡಿ ಕ್ಯಾಮೆರಾದಿಂದ ಹೊರಬರುವ ಮೂಲ ಸಿಗ್ನಲ್ ಸೆಕೆಂಡಿಗೆ ಸುಮಾರು 1.5 ಗಿಗಾಬಿಟ್. ಅಷ್ಟನ್ನು ಗಾಳಿಯಲ್ಲಿ ಕಳಿಸಲು ಜಾಗವಿಲ್ಲ. ನೂರನೇ ಒಂದು ಪಾಲಿನ ಆಸುಪಾಸಿಗೆ ಹಿಂಡಬೇಕು. ಹಿಂಡಿದ್ದನ್ನು ಒಂದೇ ಅಲೆಯ ಮೇಲೆ ಹೇರಿದರೆ ಬಂಡೆ, ಕಟ್ಟಡಗಳಿಗೆ ಬಡಿದು ತಡವಾಗಿ ಬರುವ ಪ್ರತಿಫಲನಗಳು ಎಲ್ಲವನ್ನೂ ಕಲಸಿಬಿಡುತ್ತವೆ. ಅನಲಾಗ್ ಕಾಲದ ಪರದೆಯಲ್ಲಿ ಎರಡೆರಡು ನೆರಳು ಕಾಣುತ್ತಿದ್ದುದು ಈ ಕಾರಣಕ್ಕೇ. ಸಿಒಎಫ್‌ಡಿಎಂ ಎಂಬ ಡಿಜಿಟಲ್ ವಿಧಾನ ಮಾಹಿತಿಯನ್ನು ಸಾವಿರಾರು ಸಣ್ಣ ವಾಹಕ ಅಲೆಗಳಿಗೆ ಹಂಚುತ್ತದೆ. ಕೆಲವು ಸತ್ತರೂ ಉಳಿದವು ಚಿತ್ರವನ್ನು ದಡ ಸೇರಿಸುತ್ತವೆ.

ಹಾಗಾದರೆ ಮೊಬೈಲ್ ನೆಟ್‌ವರ್ಕ್ ಸಾಲದೇ? ಹಲವು ಸಿಮ್‌ಗಳನ್ನು ಒಟ್ಟುಗೂಡಿಸಿ ಚಿತ್ರ ಕಳಿಸುವ ಬ್ಯಾಕ್‌ಪ್ಯಾಕ್‌ಗಳು ಸುದ್ದಿ ವರದಿಗಾರರ ಬೆನ್ನಿಗೆ ಬಂದು ವರ್ಷಗಳೇ ಆದವು. ಆದರೆ ಘಾಟಿಯ ನೆತ್ತಿಯಲ್ಲಿ ಟವರ್ ವಿರಳ, ಇದ್ದರೂ ಸಾವಿರಾರು ಅಭಿಮಾನಿಗಳ ಫೋನ್‌ಗಳು ಅದಕ್ಕೆ ಮುತ್ತಿರುತ್ತವೆ. ಮೇಲಾಗಿ ಚಿತ್ರ ಒಂದೆರಡು ಸೆಕೆಂಡ್ ತಡ. ಟ್ರಕ್ಕಿನಲ್ಲಿ ಕೂತ ನಿರ್ದೇಶಕರು ಹೆಲಿಕಾಪ್ಟರಿನ ಚಿತ್ರದಿಂದ ಬೈಕಿನ ಚಿತ್ರಕ್ಕೆ ಹಾರಿದಾಗ, ಆಗಲೇ ದಾಟಿಹೋದ ತಿರುವನ್ನೇ ಸವಾರ ಮತ್ತೆ ದಾಟಿದಂತಾಗುತ್ತದೆ.

2024ರ ಜುಲೈ 26ರಂದು ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಸೇನ್ ನದಿಯ ದೋಣಿಗಳಿಂದ ಫೋನ್ ಕ್ಯಾಮೆರಾಗಳ ಚಿತ್ರ ಖಾಸಗಿ 5ಜಿ ಜಾಲದ ಮೂಲಕ ನೇರವಾಗಿ ಬಂತು. ಅದು ನಗರದೊಳಗಿನ ಆರು ಕಿಲೋಮೀಟರ್ ದಾರಿ, ದಡದುದ್ದಕ್ಕೂ ಆಂಟೆನಾ ಹಾಕಬಹುದಾದ ಜಾಗ. ದಿನಕ್ಕೊಂದು ಕಣಿವೆ ಬದಲಿಸುವ ರೇಸ್‌ಗೆ, ಮೂರು ವಾರದ ಪ್ರತಿ ಬೆಟ್ಟಕ್ಕೂ ಹಾಗೆ ಜಾಲ ಹೆಣೆಯುವುದು ಲೆಕ್ಕಕ್ಕೆ ಹೊಂದದು. ಅಲ್ಲಿ ಒಂದು ವಿಮಾನ ನೂರು ಟವರ್‌ಗಳ ಕೆಲಸ ಮಾಡುತ್ತದೆ, ಹವೆ ಒಪ್ಪಿದ ದಿನ. ಒಪ್ಪದ ದಿನಕ್ಕೆಂದು ಬೈಕಿನಲ್ಲಿ ಮೊಬೈಲ್ ಸಂಪರ್ಕವನ್ನೂ ಇಟ್ಟುಕೊಂಡರೆ ಒಡೆದ, ತಡವಾದ ಚಿತ್ರವಾದರೂ ದಕ್ಕೀತು. ದಾಳಿ ಕಾಣದೇ ಹೋಗುವುದಕ್ಕಿಂತ ಎರಡು ಸೆಕೆಂಡ್ ತಡವಾಗಿ ಕಾಣುವುದು ಎಷ್ಟೋ ಮೇಲು.