ಅಂಚೆಯಲ್ಲಿ ಬರುತ್ತಿದ್ದ ಆಟದ ಗುಟ್ಟು: ‘ನಿಂಟೆಂಡೊ ಪವರ್’ ಪತ್ರಿಕೆಯ 24 ವರ್ಷ

ವೀಡಿಯೋ ಗೇಮ್ ಎಂದೊಡನೆ ಮಕ್ಕಳು ಪುಸ್ತಕ ಬದಿಗಿಟ್ಟು ಟಿ.ವಿ. ಮುಂದೆ ಕೂರುವ ಚಿತ್ರವೇ ಹೆತ್ತವರ ಕಣ್ಣ ಮುಂದೆ ಬರುತ್ತದೆ. ಆದರೆ ಅದೇ ಆಟಕ್ಕಾಗಿ ಅಂಚೆಯವನ ದಾರಿ ಕಾಯುತ್ತ, ಪುಟಪುಟವನ್ನೂ ಬಿಡದೆ ಓದುತ್ತಿದ್ದ ಮಕ್ಕಳ ತಲೆಮಾರೊಂದು ಅಮೆರಿಕದಲ್ಲಿತ್ತು. ಅವರನ್ನು ಓದಿಗೆ ಹಚ್ಚಿದ ಹೆಗ್ಗಳಿಕೆ ‘ನಿಂಟೆಂಡೊ ಪವರ್’ ಪತ್ರಿಕೆಗೆ ಸಲ್ಲುತ್ತದೆ.

ಜಪಾನಿನ ನಿಂಟೆಂಡೊ ಕಂಪೆನಿಯ ಅಮೆರಿಕದ ಶಾಖೆ ಇರುವುದು ವಾಷಿಂಗ್ಟನ್ ರಾಜ್ಯದ ರೆಡ್ಮಂಡ್‌ನಲ್ಲಿ. ಆಟದಲ್ಲಿ ಮುಂದೆ ಹೋಗಲಾಗದೆ ಸಿಕ್ಕಿಬಿದ್ದ ಮಕ್ಕಳಿಗೆ ದೂರವಾಣಿಯಲ್ಲಿ ದಾರಿ ಹೇಳಲೆಂದೇ ಅಲ್ಲಿ ಸಿಬ್ಬಂದಿ ಇದ್ದರು. ಜತೆಗೆ ‘ಫನ್ ಕ್ಲಬ್’ ಸದಸ್ಯರಿಗೆ ಕಿರುಪತ್ರಿಕೆಯೊಂದು ಉಚಿತವಾಗಿ ಹೋಗುತ್ತಿತ್ತು. ಬೇಡಿಕೆ ಕೈಮೀರಿದಾಗ ಶಾಖೆಯ ಮುಖ್ಯಸ್ಥ ಮಿನೋರು ಅರಕಾವಾ ಅವರು ಪೂರ್ಣಪ್ರಮಾಣದ ಪತ್ರಿಕೆಯ ಹೊಣೆಯನ್ನು ಗೇಲ್ ಟಿಲ್ಡೆನ್ ಅವರಿಗೆ ವಹಿಸಿದರು. ಹಸುಗೂಸಿನ ತಾಯಿಯಾಗಿದ್ದ ಟಿಲ್ಡೆನ್ ಆಗ ರಜೆಯಲ್ಲಿದ್ದರು. 1988ರ ಜುಲೈ-ಆಗಸ್ಟ್ ಸಂಚಿಕೆ ಹೊರಬಂತು. ಮುಖಪುಟದಲ್ಲಿ ಮಣ್ಣಿನಲ್ಲಿ ಮಾಡಿದ ಮಾರಿಯೋ ಗೊಂಬೆ. ಸುಮಾರು 36 ಲಕ್ಷ ಪ್ರತಿಗಳನ್ನು ಅಚ್ಚುಹಾಕಿ ಕ್ಲಬ್ ಸದಸ್ಯರಿಗೆ ಉಚಿತವಾಗಿ ಕಳುಹಿಸಲಾಯಿತು. ಸಂಘದ ಮುಖವಾಣಿಗೆ ಚಂದಾದಾರರನ್ನು ಹುಡುಕಿ ಬಳಲಿದವರಿಗೆ ಈ ಅಂಕೆ ಅಚ್ಚರಿ ತಂದೀತು!

ಪತ್ರಿಕೆಯ ಶಕ್ತಿಯೆಲ್ಲ ಅದರ ನಕ್ಷೆಗಳಲ್ಲಿತ್ತು. ಯಾವ ಗೋಡೆಯ ಹಿಂದೆ ಬಾಗಿಲಿದೆ, ಯಾವ ಗುಹೆಯಲ್ಲಿ ಕತ್ತಿ ಇದೆ ಎಂಬುದನ್ನು ಬಣ್ಣದ ಚಿತ್ರಗಳ ಸಹಿತ ಅದು ತೋರಿಸುತ್ತಿತ್ತು. ‘ಹೊವಾರ್ಡ್ ಅಂಡ್ ನೆಸ್ಟರ್’ ಚಿತ್ರಕಥೆಯಲ್ಲಿ ಬರುವ ಬೋ ಟೈಯ ಹೊವಾರ್ಡ್, ಕಂಪೆನಿಯ ಉದ್ಯೋಗಿ ಹೊವಾರ್ಡ್ ಫಿಲಿಪ್ಸ್ ಅವರೇ. ಮುಂದೆ ಹೊಸ ಚಂದಾದಾರರಿಗೆ ‘ಡ್ರ್ಯಾಗನ್ ವಾರಿಯರ್’ ಆಟದ ಕ್ಯಾಸೆಟ್ಟನ್ನೇ ಉಡುಗೊರೆಯಾಗಿ ಕೊಡಲಾಯಿತು. ಚಂದಾ ಹಣಕ್ಕಿಂತ ಅದರ ಬೆಲೆಯೇ ಹೆಚ್ಚು.

ಇಷ್ಟಾದರೂ ಒಂದು ಮಾತು ಹೇಳಲೇಬೇಕು. ಆಟ ಮಾಡುವವರೇ ಆಟದ ವಿಮರ್ಶೆಯನ್ನೂ ಪ್ರಕಟಿಸಿದರೆ ಅದು ಪತ್ರಿಕೆಯೋ ಜಾಹೀರಾತೋ? ಆರಂಭದ ಸಂಚಿಕೆಗಳಲ್ಲಿ ಹೊರಗಿನವರ ಜಾಹೀರಾತು ಇಲ್ಲವೆಂಬಷ್ಟು ಕಡಿಮೆ ಇದ್ದುದು ನಿಜ. ಇಡೀ ಪತ್ರಿಕೆಯೇ ಕಂಪೆನಿಯ ಪ್ರಚಾರವಾಗಿದ್ದುದೂ ಅಷ್ಟೇ ನಿಜ. ಓದುವ ಹುಡುಗರಿಗೆ ಅದರ ಚಿಂತೆ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಗುಟ್ಟು. ಗುಟ್ಟು ಬೇರೆಲ್ಲೂ ಸುಲಭವಾಗಿ ಸಿಗುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಸಿಗತೊಡಗಿತು. ಆಡುವವರೇ ಬರೆದ ಕೈಪಿಡಿಗಳು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ದೊರೆಯುವಾಗ ತಿಂಗಳುಗಟ್ಟಲೆ ಕಾಯುವವರು ಯಾರು? 2007ರ ಕೊನೆಗೆ ಪ್ರಕಟಣೆಯ ಹೊಣೆ ಫ್ಯೂಚರ್ ಎಂಬ ಪ್ರಕಾಶನ ಸಂಸ್ಥೆಯ ಪಾಲಾಯಿತು. 2012ರ ಡಿಸೆಂಬರ್‌ನ 285ನೇ ಸಂಚಿಕೆಯೇ ಕೊನೆ. ಮೊದಲ ಸಂಚಿಕೆಯ ನೆನಪಿಗೆ ಅದರ ಮುಖಪುಟದಲ್ಲೂ ಮಣ್ಣಿನ ಮಾರಿಯೋನನ್ನೇ ನಿಲ್ಲಿಸಲಾಗಿತ್ತು.

ಹಳೆಯ ಸಂಚಿಕೆಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ನೂರಕ್ಕೂ ಮಿಕ್ಕಿದ ಸಂಚಿಕೆಗಳು ಎಲ್ಲರ ಓದಿಗೆ ತೆರೆದುಕೊಂಡವು. ಹಕ್ಕುಸ್ವಾಮ್ಯದ ಪ್ರಶ್ನೆ ಎತ್ತಿದ ಕಂಪೆನಿ ಅವುಗಳನ್ನು ತೆಗೆಸಿತು. ಮರುವರ್ಷ ಡಿಸೆಂಬರ್‌ನಲ್ಲಿ ಅದೇ ಹೆಸರನ್ನು ಅಂತರ್ಜಾಲದ ಧ್ವನಿ ಕಾರ್ಯಕ್ರಮವೊಂದಕ್ಕೆ ಇಡಲಾಯಿತು. ಮನೆಬಾಗಿಲಿಗೆ ಬರುತ್ತಿದ್ದ ಕಾಗದದ ಪತ್ರಿಕೆ ಮಾತ್ರ ಮರಳಲಿಲ್ಲ.