ಸಂಘದ ಕೆಲಸಕ್ಕೆ ಸಣ್ಣ ಸುತ್ತುಗಳ ವಿಧಾನ

ರೈತರೇ ಒಡೆಯರಾಗಿರುವ ಉತ್ಪಾದಕ ಕಂಪನಿಗಳಿಗೆ 2002ರ ಕಂಪನಿ ಕಾಯಿದೆ ತಿದ್ದುಪಡಿಯಿಂದ ದಾರಿಯಾಯಿತು. ಇಂಥ ಹತ್ತು ಸಾವಿರ ಸಂಘಟನೆಗಳನ್ನು ಕಟ್ಟುವ ಕೇಂದ್ರ ಯೋಜನೆ 2020ರಲ್ಲಿ ಆರಂಭವಾದ ಮೇಲೆ ನಮ್ಮ ಹಳ್ಳಿಗಳಲ್ಲಿಯೂ ಅನೇಕರು ಷೇರುದಾರರಾಗಿದ್ದಾರೆ. ಗೋದಾಮು, ಬೇಳೆ ಮಿಲ್ಲು, ಬಾಡಿಗೆ ಯಂತ್ರಗಳ ಕೇಂದ್ರ, ಹೀಗೆ ಕಂಪನಿ ಕೈಹಾಕುವ ಪ್ರತಿಯೊಂದು ಕೆಲಸದಲ್ಲೂ ಸದಸ್ಯರ ಷೇರು ಹಣ ಸೇರಿರುತ್ತದೆ. ಕೆಲಸ ಅರ್ಧಕ್ಕೆ ನಿಂತರೆ ಹಣದ ಜೊತೆಗೆ ನೆರೆಹೊರೆಯವರ ನಂಬಿಕೆಯೂ ಹೋಗುತ್ತದೆ. ಹಣವನ್ನಾದರೂ ಮತ್ತೆ ಕೂಡಿಸಬಹುದು, ನಂಬಿಕೆಯನ್ನು ಕೂಡಿಸುವುದು ಕಷ್ಟ. ಇಂಥ ನಷ್ಟವನ್ನು ತಗ್ಗಿಸಲು ಕಂಪ್ಯೂಟರ್ ತಂತ್ರಾಂಶ ತಯಾರಿಸುವವರಲ್ಲಿ ಬೆಳೆದುಬಂದ ‘ಅಜೈಲ್’ ಎಂಬ ಕಾರ್ಯವಿಧಾನವನ್ನು ರೈತ ಬಾಂಧವರೂ ತಿಳಿದಿರುವುದು ಒಳ್ಳೆಯದು.

ಅಜೈಲ್ ಎಂದರೆ ಚುರುಕಾದ, ಬೇಕಾದ ಕಡೆಗೆ ಬೇಗನೆ ತಿರುಗಬಲ್ಲ ಎಂದು ಅರ್ಥ. ಮೊದಲೆಲ್ಲ ತಂತ್ರಾಂಶದ ದೊಡ್ಡ ಕೆಲಸಗಳಿಗೆ ಆರಂಭದಲ್ಲಿಯೇ ಪೂರ್ತಿ ನಕ್ಷೆ ಬರೆದು, ವರ್ಷಗಟ್ಟಲೆ ದುಡಿದು, ಕೊನೆಯಲ್ಲಿ ಒಮ್ಮೆಗೇ ಬಳಸುವವರ ಕೈಗೆ ಕೊಡುವ ರೂಢಿಯಿತ್ತು. ಅಷ್ಟು ಹೊತ್ತಿಗೆ ಅವರ ಅಗತ್ಯವೇ ಬದಲಾಗಿರುತ್ತಿತ್ತು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಸೇರಿದ 17 ಮಂದಿ ತಜ್ಞರು ಈ ರೂಢಿಗೆ ಬದಲಾಗಿ ನಾಲ್ಕು ಮೌಲ್ಯಗಳ ಒಂದು ಚಿಕ್ಕ ಪ್ರಣಾಳಿಕೆಯನ್ನು ಹೊರಡಿಸಿದರು. ಕೆಲಸವನ್ನು ಚಿಕ್ಕ ಸುತ್ತುಗಳಾಗಿ ಒಡೆಯಬೇಕು. ಪ್ರತಿ ಸುತ್ತಿನ ಕೊನೆಗೆ ಬಳಸಲು ಬರುವಂಥದ್ದೇನಾದರೂ ಸಿದ್ಧವಾಗಬೇಕು. ಅದನ್ನು ಬಳಸುವವರಿಗೆ ತೋರಿಸಿ, ಅವರು ಹೇಳಿದ್ದನ್ನು ಕೇಳಿ, ಆಮೇಲೆ ಮುಂದಿನ ಸುತ್ತನ್ನು ನಿರ್ಧರಿಸಬೇಕು. ವಿಧಾನದ ತಿರುಳು ಇಷ್ಟೇ. ಬಿತ್ತಿದವನು ಕೊಯ್ಲಿನವರೆಗೆ ಹೊಲದ ಕಡೆ ತಲೆಹಾಕದೆ ಇರುತ್ತಾನೆಯೇ? ಕಾಯಿಕೊರಕ ಬಂತೇ ಎಂದು ತೊಗರಿ ಸಾಲುಗಳಲ್ಲಿ ಓಡಾಡಿ ನೋಡುವ ರೈತನಿಗೆ ಇದು ತೀರಾ ಹೊಸದೆನಿಸಲಾರದು. ಹೊಲದಲ್ಲಿ ತೋರುವ ಈ ಎಚ್ಚರ ಸಂಘದ ಕಚೇರಿಯಲ್ಲಿ ಮಾತ್ರ ಯಾಕೋ ಕಾಣುವುದಿಲ್ಲ.

ಹಳೆಯ ರೂಢಿಯ ಬೆಲೆ ಎಷ್ಟೆಂಬುದನ್ನು ಅಮೆರಿಕದ ತನಿಖಾ ಇಲಾಖೆಯಾದ ಎಫ್‌ಬಿಐ ಕಂಡುಕೊಂಡಿತು. ಮೊಕದ್ದಮೆಗಳ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಏರಿಸಲು ಅದು ಮಾಡಿಸಿದ ತಂತ್ರಾಂಶವನ್ನು ಸುಮಾರು 17 ಕೋಟಿ ಡಾಲರ್ ಖರ್ಚಾದ ಮೇಲೆ 2005ರಲ್ಲಿ ಕೈಬಿಡಬೇಕಾಯಿತು. 2006ರಲ್ಲಿ ‘ಸೆಂಟಿನೆಲ್’ ಎಂಬ ಹೆಸರಿನಲ್ಲಿ ನಾಲ್ಕು ಹಂತಗಳ ಹೊಸ ಯೋಜನೆ ಶುರುವಾಯಿತು. 2010ರ ಆಗಸ್ಟ್ ವೇಳೆಗೆ, ಮೀಸಲಿಟ್ಟ 45.1 ಕೋಟಿ ಡಾಲರುಗಳಲ್ಲಿ 40.5 ಕೋಟಿ ಮುಗಿದಿತ್ತು. ಆದರೆ ಕೈಗೆ ಬಂದದ್ದು ಎರಡೇ ಹಂತ. ಉಳಿದದ್ದಕ್ಕೆ ಇನ್ನೂ ಆರು ವರ್ಷ, 35 ಕೋಟಿ ಡಾಲರ್ ಬೇಕೆಂದು ಹೊರಗಿನ ಪರಿಶೀಲಕರು ಅಂದಾಜು ಹೇಳಿದರು. ಆಗ ಇಲಾಖೆ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡು, ತಂಡವನ್ನು ಬಹಳ ಚಿಕ್ಕದು ಮಾಡಿ, ಎರಡೆರಡು ವಾರಗಳ ಸುತ್ತುಗಳಲ್ಲಿ ನಡೆಸತೊಡಗಿತು. ಎಲ್ಲವೂ ಸಲೀಸಾಗಿ ಆಯಿತೆಂದಲ್ಲ. 2011ರ ಅಕ್ಟೋಬರಿನಲ್ಲಿ ನೂರಾರು ನೌಕರರು ಒಟ್ಟಿಗೆ ಬಳಸಿ ನೋಡಿದಾಗ ವ್ಯವಸ್ಥೆ ಎರಡು ಬಾರಿ ನಿಂತೇಹೋಯಿತು; ಯಂತ್ರಗಳ ಶಕ್ತಿ ಸಾಲದೆಂದು ಆಗ ತಿಳಿದು, ಹೊಸ ಯಂತ್ರಗಳನ್ನು ತರಬೇಕಾಯಿತು. ಅವಧಿ ಕೆಲವು ತಿಂಗಳು ಮುಂದಕ್ಕೆ ಹೋಯಿತು. ಕೊನೆಗೆ 2012ರ ಜುಲೈಯಲ್ಲಿ ಸೆಂಟಿನೆಲ್ ಎಲ್ಲ ನೌಕರರ ಬಳಕೆಗೆ ಬಂತು, ಅದೂ 45.1 ಕೋಟಿಯ ಮಿತಿಯೊಳಗೆ.

ಇನ್ನು ನಮ್ಮ ಕಡೆಗೆ ಬರೋಣ. ತೊಗರಿ ಬೆಳೆಯುವ ಊರಿನ ಕಂಪನಿಯೊಂದು ಬೇಳೆ ಮಿಲ್ಲು ಹಾಕಲು ಯೋಚಿಸಿದೆ ಎಂದುಕೊಳ್ಳಿ. ಸಾಮಾನ್ಯವಾಗಿ ಯಂತ್ರದ ದರಪಟ್ಟಿಯಿಂದಲೇ ಮಾತು ಆರಂಭವಾಗುತ್ತದೆ. ಅದರ ಬದಲು, ಮೊದಲ ಸುತ್ತಿನಲ್ಲಿ ಸದಸ್ಯರಿಂದ ಹತ್ತಿಪ್ಪತ್ತು ಕ್ವಿಂಟಲ್ ತೊಗರಿ ಪಡೆದು, ಹತ್ತಿರದ ಮಿಲ್ಲಿನಲ್ಲಿ ಕೂಲಿ ಕೊಟ್ಟು ಬೇಳೆ ಮಾಡಿಸಬೇಕು. ಕ್ವಿಂಟಲಿಗೆ ಎಷ್ಟು ಬೇಳೆ, ಎಷ್ಟು ನುಚ್ಚು, ಎಷ್ಟು ಹೊಟ್ಟು ಎಂಬುದನ್ನು ಸದಸ್ಯರ ಎದುರಿಗೇ ತೂಗಬೇಕು. ಎರಡನೆಯ ಸುತ್ತಿನಲ್ಲಿ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಆ ಬೇಳೆಯನ್ನು ಪೊಟ್ಟಣ ಕಟ್ಟಿ ಪಕ್ಕದ ಪೇಟೆಯಲ್ಲಿ ಮಾರಬೇಕು. ಕೊಂಡವರು ಮತ್ತೆ ಬಂದರೇ, ಅಂಗಡಿಯವರು ಎಷ್ಟು ದಿನಕ್ಕೆ ಹಣ ಕೊಟ್ಟರು, ಕಾಳಿನ ಬೆಲೆ ಏರಿದಾಗ ಲಾಭ ಉಳಿಯಿತೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಯಂತ್ರದ ಗಾತ್ರ ನಿಶ್ಚಯವಾಗಬೇಕು. ಮಾರಾಟವೇ ಕುದುರದಿದ್ದರೆ ಹೋಗುವುದು ಕೂಲಿ ಮತ್ತು ಸ್ವಲ್ಪ ಬೇಳೆ. ಮಿಲ್ಲಿನ ಸಾಲ ಕುತ್ತಿಗೆಗೆ ಬೀಳುವುದಿಲ್ಲ.

ಮಾಡಬೇಕಾದ ಕೆಲಸಗಳನ್ನೆಲ್ಲ ಕಚೇರಿಯ ಗೋಡೆಯ ಹಲಗೆಯ ಮೇಲೆ ಮೂರು ಸಾಲಾಗಿ ಬರೆಯಬೇಕು: ಆಗಬೇಕಾದದ್ದು, ಆಗುತ್ತಿರುವುದು, ಆದದ್ದು. ಯಾವುದು ಮೊದಲು ಎಂಬುದನ್ನು ತೀರ್ಮಾನಿಸುವ ಹೊಣೆ ಒಬ್ಬರಿಗೇ ಇರಲಿ. ತಂತ್ರಾಂಶದವರು ದಿನಕ್ಕೆ 15 ನಿಮಿಷ, ಹಲವರು ನಿಂತುಕೊಂಡೇ, ಸಭೆ ನಡೆಸುತ್ತಾರೆ. ಕುರ್ಚಿ ಸಿಕ್ಕಿದರೆ ಮಾತು ಬೆಳೆಯುವುದು ಎಲ್ಲ ದೇಶಗಳಲ್ಲೂ ಒಂದೇ! ನಮ್ಮಲ್ಲಿ ಸಂತೆಯ ದಿನ ವಾರಕ್ಕೊಮ್ಮೆ ಸೇರಿದರೂ ಸಾಕು. ನಿನಗೆ ಅಡ್ಡಿಯಾಗಿರುವುದು ಏನು ಎಂಬ ಪ್ರಶ್ನೆಯನ್ನು ಮಾತ್ರ ಪ್ರತಿಯೊಬ್ಬರಿಗೂ ಕೇಳಬೇಕು. ಉತ್ತರ ಹೇಳಿದವರ ಮೇಲೆ ಅಧ್ಯಕ್ಷರು ಹರಿಹಾಯ್ದರೆ ಮುಂದಿನ ವಾರದಿಂದ ಎಲ್ಲರೂ ‘ಎಲ್ಲ ಸರಿಯಾಗಿದೆ’ ಎನ್ನುತ್ತಾರೆ, ಹಲಗೆ ಬರೀ ಅಲಂಕಾರವಾಗುತ್ತದೆ.

ಎಲ್ಲ ಕೆಲಸವನ್ನೂ ಸುತ್ತುಗಳಾಗಿ ಒಡೆಯಲು ಬರುವುದಿಲ್ಲ. ಗೋದಾಮಿನ ತಳಪಾಯವನ್ನು ಹಾಕಿ ನೋಡಿ ಬದಲಿಸಲಾಗದು. ತೆಂಗಿನ ಗುಣಿಗಳ ಅಂತರವನ್ನು ನೆಡುವ ಮೊದಲೇ ಸರಿಯಾಗಿ ಅಳೆಯಬೇಕು. ಇಂಥವಕ್ಕೆ ಅನುಭವಸ್ಥ ಎಂಜಿನಿಯರು ಅಥವಾ ತೋಟಗಾರಿಕೆ ತಜ್ಞರ ಪೂರ್ತಿ ನಕ್ಷೆಯೇ ಸರಿ. ಮಾರುಕಟ್ಟೆ, ಸೇವೆ, ಲೆಕ್ಕಪತ್ರದ ತಂತ್ರಾಂಶ, ಯಂತ್ರಗಳ ಬಾಡಿಗೆ ಇಂಥವುಗಳಲ್ಲಿ, ಅಂದರೆ ಜನ ಹೇಗೆ ಬಳಸುತ್ತಾರೆಂದು ಮೊದಲೇ ಊಹಿಸಲಾಗದ ಕಡೆ, ಸಣ್ಣ ಸುತ್ತು ಒಳ್ಳೆಯದು. ಬ್ಯಾಂಕು ಸಾಲಕ್ಕೆ ಪೂರ್ಣ ಯೋಜನಾ ವರದಿ ಕೇಳುತ್ತದೆ. ಅದನ್ನು ಕೊಡುವಾಗಲೇ ಮೊದಲ ಎರಡು ಸುತ್ತುಗಳ ತೂಕದ ಮತ್ತು ಮಾರಾಟದ ಲೆಕ್ಕವನ್ನು ಲಗತ್ತಿಸಿ, ಸಾಲವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕಂತುಗಳಲ್ಲಿ ಬಿಡುಗಡೆ ಮಾಡುವಂತೆ ಕೇಳಿಕೊಳ್ಳಬಹುದು.